ಮೊನೆಯ ಮೇಲೆ ನಿಂತ ಊರು

1918ರಲ್ಲಿ ಅಮೆರಿಕದ ಕರಾವಳಿ ಮತ್ತು ಭೂಮಾಪನ ಇಲಾಖೆಯವರು ದೇಶದ ನಕ್ಷೆಯ ಆಕಾರಕ್ಕೆ ಒಂದು ರಟ್ಟನ್ನು ಕತ್ತರಿಸಿದರು. ಅದನ್ನು ಮೊನೆಯೊಂದರ ಮೇಲಿಟ್ಟು, ಆ ಕಡೆ ಈ ಕಡೆ ವಾಲದೆ ನಿಲ್ಲುವ ಜಾಗ ಯಾವುದೆಂದು ಹುಡುಕಿದರು. ಅಲಾಸ್ಕಾ, ಹವಾಯಿ ಆಗಿನ್ನೂ ರಾಜ್ಯಗಳಾಗಿರಲಿಲ್ಲ. 48 ರಾಜ್ಯಗಳ ರಟ್ಟು ಅದು. ಫ್ಲಾರಿಡಾದ ಬಾಲ, ಟೆಕ್ಸಾಸಿನ ಹೊಟ್ಟೆ, ಈಶಾನ್ಯದ ತುದಿಗೆ ಚಾಚಿಕೊಂಡ ಮೈನ್, ಎಲ್ಲದರ ತೂಕ ಸರಿಹೋದ ಜಾಗ ಕ್ಯಾನ್ಸಸ್ ರಾಜ್ಯದ ಉತ್ತರದ ಅಂಚಿನಲ್ಲಿ, ಸ್ಮಿತ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಸಿಕ್ಕಿತು. ಅದಕ್ಕೆ ಹತ್ತಿರದ ಊರು ಲೆಬನಾನ್. 2020ರ ಜನಗಣತಿಯ ಪ್ರಕಾರ ಅಲ್ಲಿರುವವರು 178 ಜನ.

ನಾನಿರುವುದು ಅದೇ ರಾಜ್ಯದ ಪೂರ್ವದ ಅಂಚಿನ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ. ಸುಮಾರು ಎರಡು ಲಕ್ಷ ಜನರಿರುವ ನಗರ ಅದು. ಯುಗಾದಿಯ ದಿನ ಬೇವು ಬೆಲ್ಲ ಹಂಚಿಕೊಳ್ಳಲು ಕನ್ನಡದ ಮನೆಗಳು ಸಿಗುತ್ತವೆ. ಅಲ್ಲಿಂದ ಪಶ್ಚಿಮಕ್ಕೆ ನಾಲ್ಕು ಗಂಟೆ ಕಾರಿನಲ್ಲಿ ಹೋದರೆ ಲೆಬನಾನ್. ಇಷ್ಟು ಹತ್ತಿರವಿದ್ದೂ ನಾನು ವರ್ಷಗಟ್ಟಲೆ ಅಲ್ಲಿಗೆ ಹೋಗಿರಲಿಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಕ್ಯಾನ್ಸಸ್‌ನಲ್ಲಿಯೇ ಹುಟ್ಟಿ ಬೆಳೆದವರು. ಪಶ್ಚಿಮದ ಆ ಊರುಗಳ ಮಾತು ಬಂದಾಗ ಅವರು ‘ಸಾಯುತ್ತಿರುವ ಊರುಗಳು’ ಎನ್ನುತ್ತಾರೆ. ಮರುಕದಿಂದಲೇ ಹೇಳುತ್ತಾರೆ, ಆದರೂ ಆ ಮಾತು ನನಗೆ ಪ್ರತಿ ಬಾರಿ ಚುಚ್ಚುತ್ತದೆ. ನಾನು ವಿಜಯಪುರ ಜಿಲ್ಲೆಯ ಒಣ ಬೇಸಾಯದ ಹಳ್ಳಿಯಿಂದ ಬಂದವನು. ಒಂದು ಊರಿನಲ್ಲಿ ಜನ ಕಡಿಮೆಯಾಗುವುದು ಮತ್ತು ಆ ಊರು ಸಾಯುವುದು, ಈ ಎರಡನ್ನೂ ಒಂದೇ ಎಂದು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ. ಕಳೆದ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಹೊರಟೆ.

ಪಶ್ಚಿಮಕ್ಕೆ ಹೋದಂತೆ ಮರಗಳು ಕಡಿಮೆಯಾಗುತ್ತವೆ. ಮೊದಲು ದಿಬ್ಬಗಳ ಮೇಲಿನ ಮರಗಳು ಇಲ್ಲವಾಗುತ್ತವೆ, ಆಮೇಲೆ ಹಳ್ಳಗಳ ಪಕ್ಕದಲ್ಲಷ್ಟೇ ಒಂದು ಹಸಿರು ಗೆರೆ ಉಳಿಯುತ್ತದೆ. 1878ರಲ್ಲಿ ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ ಅಮೆರಿಕದ ಸಂಸತ್ತಿಗೆ ಒಂದು ವರದಿ ಕೊಟ್ಟಿದ್ದ. ಹೆಚ್ಚುಕಡಿಮೆ ನೂರನೆಯ ರೇಖಾಂಶದಿಂದ ಆಚೆಗೆ ವರ್ಷಕ್ಕೆ ಇಪ್ಪತ್ತು ಇಂಚು ಮಳೆಯೂ ಬರುವುದಿಲ್ಲ, ಅಲ್ಲಿ ಪೂರ್ವದವರಂತೆ ಬೇಸಾಯ ಮಾಡಲಾಗದು, ಸಣ್ಣ ಹಿಡುವಳಿಯಲ್ಲಿ ಸಂಸಾರ ಸಾಗದು ಎಂಬುದು ಅದರ ಸಾರ. ಲೆಬನಾನ್ ಇರುವುದು ತೊಂಬತ್ತೆಂಟೂವರೆಯಲ್ಲಿ, ಆ ಗೆರೆಯ ಈಚೆಗೆ. ಮಳೆ ಬಂದರೆ ಬಂತು, ಹೋದರೆ ಹೋಯಿತು ಎಂಬಂಥ ನೆಲ. ಅಲ್ಲಿನ ಆಕಾಶವನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ಮೋಡ ಕಂಡರೆ ಮಾತು ನಿಲ್ಲಿಸಿ ತಲೆಯೆತ್ತಿ ನೋಡುವವರ ನಡುವೆ ಬೆಳೆದವರಿಗೆ ಇಂಥ ನೆಲ ಗುರುತು ಸಿಗುತ್ತದೆ.

ಊರಿನ ಉತ್ತರಕ್ಕೆ ಕೆನಡಾ ಗಡಿಯಿಂದ ಮೆಕ್ಸಿಕೋ ಗಡಿಯವರೆಗೆ ಹೋಗುವ 281ನೆಯ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿದರೆ ಒಂದು ಚಿಕ್ಕ ರಾಜ್ಯ ಹೆದ್ದಾರಿ. ಅದರ ಒಟ್ಟು ಉದ್ದವೇ ಸುಮಾರು ಒಂದು ಮೈಲಿ. ಆ ರಸ್ತೆ ಇರುವುದು ಒಂದೇ ಉದ್ದೇಶಕ್ಕೆ: ದೇಶದ ನಡುವಿನ ಬಿಂದುವಿಗೆ ಜನರನ್ನು ಕರೆತರಲು. ತುದಿಯಲ್ಲಿ ಕಲ್ಲು ಕಟ್ಟಿದ ಒಂದು ಸ್ತಂಭ, ಬಾವುಟದ ಕಂಬ, ಊಟಕ್ಕೆ ಕೂರಲು ಮೇಜುಗಳು, ಬೆರಳೆಣಿಕೆಯ ಜನ ಕೂರಬಹುದಾದ ಬಿಳಿಯ ಪ್ರಾರ್ಥನಾ ಮಂದಿರ. ಇಷ್ಟೇ. ಸುತ್ತಲೂ ಹೊಲ.

ಸ್ತಂಭದ ಲೋಹದ ಫಲಕದ ಮೇಲೆ 25 ಏಪ್ರಿಲ್ 1940 ಎಂಬ ದಿನಾಂಕವಿದೆ. ಹಾಕಿಸಿದವರು ಲೆಬನಾನಿನ ಹಬ್ ಕ್ಲಬ್ ಎಂಬ ಊರಿನ ಸಂಘ. ಹಬ್ ಎಂದರೆ ಗಾಲಿಯ ಗುಂಬ. ಅಕ್ಷಾಂಶ 39 ಡಿಗ್ರಿ 50 ನಿಮಿಷ, ರೇಖಾಂಶ 98 ಡಿಗ್ರಿ 35 ನಿಮಿಷ ಎಂದು ಬರೆದು, ಅದರ ಜೊತೆಗೆ ಇನ್ನೊಂದು ವಿಳಾಸವನ್ನೂ ಕೊಟ್ಟಿದ್ದಾರೆ: ಈಶಾನ್ಯ ಕಾಲು, ಆಗ್ನೇಯ ಕಾಲು, ವಿಭಾಗ 32, ಟೌನ್‌ಶಿಪ್ 2 ದಕ್ಷಿಣ, ರೇಂಜ್ 11 ಪಶ್ಚಿಮ. ಬಂದವರು ಅಕ್ಷಾಂಶದ ಸಾಲಿನ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನನಗೆ ಮಾತ್ರ ಎರಡನೆಯ ಸಾಲು ನಮ್ಮ ಪಹಣಿಯ ಸರ್ವೆ ನಂಬರಿನ ಹಾಗೆ ಕಂಡಿತು. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆ.

ಲೆಕ್ಕ ಹೀಗೆ. ಕ್ಯಾನ್ಸಸ್ ಮತ್ತು ನೆಬ್ರಾಸ್ಕಾದ ನಡುವಿನ ಗಡಿ ನಲವತ್ತನೆಯ ಅಕ್ಷಾಂಶ. ಅದೇ ಇಲ್ಲಿನ ಭೂಮಾಪನದ ಆಧಾರರೇಖೆ. ಅಲ್ಲಿಂದ ದಕ್ಷಿಣಕ್ಕೆ ಆರಾರು ಮೈಲಿಗೆ ಒಂದೊಂದು ಪಟ್ಟಿ. ಟೌನ್‌ಶಿಪ್ 2 ಎಂದರೆ ಎರಡನೆಯ ಪಟ್ಟಿ. ಆರನೆಯ ಪ್ರಧಾನ ಮಧ್ಯಾಹ್ನರೇಖೆ ಎಂಬ ಇನ್ನೊಂದು ಗೆರೆಯಿಂದ ಪಶ್ಚಿಮಕ್ಕೂ ಹಾಗೆಯೇ ಆರಾರು ಮೈಲಿ. ರೇಂಜ್ 11 ಎಂದರೆ ಹನ್ನೊಂದನೆಯದು. ಈ ಎರಡೂ ಕೂಡಿದಲ್ಲಿ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಚೌಕ. ಅದರೊಳಗೆ ಚದರ ಮೈಲಿಯ 36 ವಿಭಾಗಗಳು. ಈಶಾನ್ಯದ ಮೂಲೆಯಿಂದ ಎಣಿಕೆ ಶುರುವಾಗಿ, ಎತ್ತು ನೇಗಿಲು ತಿರುಗಿಸಿಕೊಂಡು ಬರುವ ಹಾಗೆ ಒಂದು ಸಾಲು ಎಡಕ್ಕೆ, ಮುಂದಿನ ಸಾಲು ಬಲಕ್ಕೆ ಹೋಗುತ್ತದೆ. 32 ಎಂದರೆ ಕೊನೆಯ ಸಾಲಿನ ಎರಡನೆಯ ಚೌಕ. ಆಗ್ನೇಯದ ಕಾಲು ಭಾಗ 160 ಎಕರೆ, ಅದರೊಳಗಿನ ಈಶಾನ್ಯ ಕಾಲು 40 ಎಕರೆ. ಗಡಿಯಿಂದ ಹನ್ನೊಂದೂವರೆ ಮೈಲಿ ದಕ್ಷಿಣ, ಮಧ್ಯಾಹ್ನರೇಖೆಯಿಂದ ಅರವತ್ತನಾಲ್ಕು ಅರವತ್ತೈದು ಮೈಲಿ ಪಶ್ಚಿಮ. ಅಕ್ಷಾಂಶದ ಹತ್ತು ನಿಮಿಷ ಎಂದರೂ ಅಷ್ಟೇ ದೂರ. ಎರಡು ಲೆಕ್ಕಗಳೂ ತಾಳೆಯಾದಾಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ 160 ಎಕರೆಯಲ್ಲಿಯೇ ಈ ಊರಿನ ಹುಟ್ಟೂ ಇದೆ, ಜನ ಕಡಿಮೆಯಾದ ಕಾರಣವೂ ಇದೆ ಎಂಬುದು ನನ್ನ ನಂಬಿಕೆ.

1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಕುಟುಂಬಕ್ಕೆ 160 ಎಕರೆ ಕೊಟ್ಟಿತು. ಅಲ್ಲಿ ಐದು ವರ್ಷ ಇದ್ದು, ಮನೆ ಕಟ್ಟಿ, ಉತ್ತು ತೋರಿಸಿದರೆ ಸಣ್ಣ ಶುಲ್ಕಕ್ಕೆ ಭೂಮಿ ಅವರದು. ನೆಲ ಖಾಲಿಯಿತ್ತು ಎಂದು ಕಾಯ್ದೆ ಭಾವಿಸಿತ್ತು, ಖಾಲಿ ಇರಲಿಲ್ಲ. ಇದು ಪಾನೀ ಎಂಬ ಬುಡಕಟ್ಟಿನವರು ಬೇಟೆಗೆ ಬರುತ್ತಿದ್ದ ಬಯಲು, ಪೂರ್ವಕ್ಕೆ ಕಾನ್ಸಾ ಜನರ ನೆಲ. ರಾಜ್ಯಕ್ಕೆ ಹೆಸರು ಕೊಟ್ಟ ಕಾನ್ಸಾ ಜನರನ್ನೇ 1873ರಲ್ಲಿ ಈಗಿನ ಓಕ್ಲಹೋಮಾಕ್ಕೆ ಕಳುಹಿಸಲಾಯಿತು. ಹಿಂದೆಯೇ ಪಾನೀಗಳೂ ಹೋಗಬೇಕಾಯಿತು. ಲೆಬನಾನಿನ ಆಗ್ನೇಯಕ್ಕೆ, ಪಕ್ಕದ ಮಿಚೆಲ್ ಕೌಂಟಿಯಲ್ಲಿ, ವಕೊಂಡಾ ಎಂಬ ಉಪ್ಪುನೀರಿನ ಬುಗ್ಗೆಯಿತ್ತು. ಹಲವು ಬುಡಕಟ್ಟುಗಳಿಗೆ ಅದು ಪವಿತ್ರ. 1960ರ ದಶಕದಲ್ಲಿ ಕಟ್ಟಿದ ಗ್ಲೆನ್ ಎಲ್ಡರ್ ಅಣೆಕಟ್ಟಿನ ಹಿನ್ನೀರಿನಲ್ಲಿ ಅದೂ ಮುಳುಗಿತು. ಜನ ಹೋದ ಊರುಗಳ ಬಗ್ಗೆ ಬರೆಯುವಾಗ ಮೊದಲು ಹೋದವರು ಯಾರೆಂದು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಹೊಸದಾಗಿ ಬಂದವರಿಗೆ ಮನೆ ಕಟ್ಟಲು ಮರವಿರಲಿಲ್ಲ. ಹುಲ್ಲಿನ ಬೇರು ಹೆಣೆದ ಮಣ್ಣನ್ನೇ ಇಟ್ಟಿಗೆಯಂತೆ ಕೊಯ್ದು ಗೋಡೆ ಎಬ್ಬಿಸಿದರು. 1874ರಲ್ಲಿ ಮಿಡತೆಗಳು ಸೂರ್ಯನನ್ನು ಮುಚ್ಚುವಂತೆ ಬಂದು ಪೈರನ್ನೆಲ್ಲ ತಿಂದುಹೋದವು. ಆದರೂ ನಿಂತರು. 1880ರ ದಶಕದ ಕೊನೆಗೆ ರಾಕ್ ಐಲ್ಯಾಂಡ್ ರೈಲು ಕಂಪನಿ ಈ ಕಡೆ ಹಳಿ ಹಾಕಿತು. ಲೆಬನಾನ್ ಅದಕ್ಕೂ ಮೊದಲೇ ಬೇರೊಂದು ಜಾಗದಲ್ಲಿತ್ತು. ಹಳಿ ಬಂದ ಕಡೆಗೆ ಊರೇ ಎದ್ದು ಬಂತು. ಆ ಕಾಲದಲ್ಲಿ ರೈಲಿನ ಊರುಗಳು ಏಳೆಂಟು ಮೈಲಿಗೆ ಒಂದರಂತೆ ಹುಟ್ಟಿಕೊಂಡವು. ರೈತ ಬೆಳಿಗ್ಗೆ ಗಾಡಿಯಲ್ಲಿ ಗೋಧಿ ಹೇರಿಕೊಂಡು ಹೊರಟು, ಮಾರಿ, ಉಪ್ಪು, ಸಕ್ಕರೆ, ಬಟ್ಟೆ ಕೊಂಡು ಸಂಜೆಗೆ ಮನೆ ಸೇರಬೇಕು. ಕುದುರೆಯ ಕಾಲಿನ ಶಕ್ತಿಯೇ ಊರಿಂದ ಊರಿಗೆ ದೂರ ಎಷ್ಟಿರಬೇಕೆಂದು ತೀರ್ಮಾನಿಸಿತು. 1900ರ ಹೊತ್ತಿಗೆ ಸ್ಮಿತ್ ಕೌಂಟಿಯಲ್ಲಿ 16,384 ಜನ ಇದ್ದರು.

2020ರಲ್ಲಿ ಉಳಿದವರು 3,570. ಕೌಂಟಿಯ ವಿಸ್ತೀರ್ಣ ಸುಮಾರು 2,300 ಚದರ ಕಿಲೋಮೀಟರ್. ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಆ ಜಿಲ್ಲೆಯಲ್ಲಿ 2011ರಲ್ಲಿಯೇ 96 ಲಕ್ಷ ಜನರಿದ್ದರು.

ಕುದುರೆಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ನೂರು ಕೈಗಳ ಜಾಗಕ್ಕೆ ಕಂಬೈನ್ ಎಂಬ ಕೊಯ್ಲು ಯಂತ್ರ ಬಂತು. ಮೂವತ್ತರ ದಶಕದಲ್ಲಿ ಬರ ಮತ್ತು ದೂಳಿನ ಬಿರುಗಾಳಿ ಕೆಲವರನ್ನು ಎಬ್ಬಿಸಿತು. ಆದರೆ ಜನ ಹೋದದ್ದಕ್ಕೆ ದೂಳೊಂದೇ ಕಾರಣವಾಗಿದ್ದರೆ ಮಳೆ ಬಂದ ಮೇಲೆ ಹಿಂತಿರುಗಬೇಕಿತ್ತು. ಹಿಂತಿರುಗಲಿಲ್ಲ. ಅಗ್ಗದ ಗೋಧಿ ಬೆಳೆದು ಬದುಕಬೇಕಾದರೆ 160 ಎಕರೆ ಸಾಲದು, 320 ಸಾಲದು, 640 ಕೂಡ ಸಾಲದು ಎಂದಾಯಿತು. ಮೂವತ್ತರ ದಶಕದಲ್ಲಿ ಕ್ಯಾನ್ಸಸ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಬೇಸಾಯದ ಹಿಡುವಳಿಗಳಿದ್ದವು; 2022ರ ಕೃಷಿ ಗಣತಿಯಲ್ಲಿ ಉಳಿದದ್ದು 55,734, ಸರಾಸರಿ 800 ಎಕರೆಗೂ ಮೇಲೆ. ಒಬ್ಬರು ಮಾರಿದ್ದನ್ನು ಪಕ್ಕದವರು ಕೊಂಡರು. ಪ್ರತಿ ಮಾರಾಟಕ್ಕೂ ಒಂದು ಅಡುಗೆಮನೆಯ ದೀಪ ಆರಿತು. ಒಂದೆರಡು ಮಕ್ಕಳು ಶಾಲೆಯ ಪಟ್ಟಿಯಿಂದ ಕಡಿಮೆಯಾದರು.

ಶಾಲೆ ಹೋದದ್ದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಲೆಬನಾನಿನ ಮಕ್ಕಳು ಈಗ ಹನ್ನೆರಡು ಮೈಲಿ ಪಶ್ಚಿಮದ ಸ್ಮಿತ್ ಸೆಂಟರ್‌ಗೆ ಹೋಗುತ್ತಾರೆ. ಅದು ಕೌಂಟಿಯ ಕೇಂದ್ರ, ಸುಮಾರು 1,600 ಜನರ ಊರು. ಅಲ್ಲಿನ ಹೈಸ್ಕೂಲಿನ ಫುಟ್‌ಬಾಲ್ ತಂಡ 2004ರಿಂದ 2009ರವರೆಗೆ ಸತತ 79 ಪಂದ್ಯ ಗೆದ್ದಿತ್ತು. ಅಮೆರಿಕದ ಫುಟ್‌ಬಾಲಿಗೆ ಒಂದು ಕಡೆಗೆ ಹನ್ನೊಂದು ಜನ ಬೇಕು. ಕ್ಯಾನ್ಸಸ್‌ನ ಸಣ್ಣ ಶಾಲೆಗಳಲ್ಲಿ ಅಷ್ಟು ಹುಡುಗರು ಸಿಗುವುದಿಲ್ಲವಾದ್ದರಿಂದ ಎಂಟು ಜನರ ಆಟವಿದೆ, ಅದಕ್ಕೂ ಕಡಿಮೆಯಿದ್ದರೆ ಆರು ಜನರದು. ಆಟ ಬಿಡುವುದಿಲ್ಲ, ಸಂಖ್ಯೆಗೆ ತಕ್ಕಂತೆ ನಿಯಮ ಬದಲಾಯಿಸಿಕೊಳ್ಳುತ್ತಾರೆ. ಸಾಯುತ್ತಿರುವ ಊರು ಎನ್ನುವವರು ಶುಕ್ರವಾರ ರಾತ್ರಿ ಆ ಮೈದಾನಗಳ ದೀಪವನ್ನು ನೋಡಿ ಬರಬೇಕು.

ಸರ್ಕಾರವೂ ಸುಮ್ಮನಿಲ್ಲ. 2011ರಲ್ಲಿ ಕ್ಯಾನ್ಸಸ್ ರಾಜ್ಯ ಜನ ಕಡಿಮೆಯಾಗುತ್ತಿದ್ದ ಐವತ್ತು ಕೌಂಟಿಗಳನ್ನು ಗುರುತಿಸಿ, ಹೊರರಾಜ್ಯದಿಂದ ಅಲ್ಲಿಗೆ ಬಂದು ನೆಲೆಸುವವರಿಗೆ ಐದು ವರ್ಷ ರಾಜ್ಯದ ಆದಾಯ ತೆರಿಗೆ ಬೇಡವೆಂದಿತು. ಓದಿನ ಸಾಲ ಇರುವವರಿಗೆ ಐದು ವರ್ಷದಲ್ಲಿ 15,000 ಡಾಲರ್‌ವರೆಗೆ ತೀರಿಸಲು ನೆರವು ಕೊಡುವ ಏರ್ಪಾಡನ್ನೂ ಮಾಡಿತು. ಒಳ್ಳೆಯ ಪ್ರಯತ್ನ. ಆದರೆ ಒಬ್ಬ ದಾದಿಯನ್ನೋ ಶಿಕ್ಷಕಿಯನ್ನೋ ತರಬಹುದೇ ಹೊರತು, 160 ಎಕರೆಗೊಂದು ಮನೆ ಇದ್ದ ಕಾಲವನ್ನು ಯಾವ ರಿಯಾಯಿತಿಯೂ ತರಲಾರದು.

ನಾನು ಮೇಜಿನ ಮೇಲೆ ಬುತ್ತಿ ಬಿಚ್ಚುತ್ತಿದ್ದಾಗ ಒಂದು ಪಿಕಪ್ ಟ್ರಕ್ ಬಂದು ನಿಂತಿತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಇಳಿದು, ಮಂದಿರದ ಬಾಗಿಲು ತೆಗೆದು, ಒಳಗಿನ ಒಣಗಿದ ಎಲೆಗಳನ್ನು ಗುಡಿಸಿದರು. ಅದು ಅವರ ನೌಕರಿಯಲ್ಲ. ದಾರಿಯಲ್ಲಿ ಹೋಗುವಾಗ ಮಾಡುವುದು, ಊರಿನವರು ಯಾರು ಬಂದರೂ ಮಾಡುತ್ತಾರೆ ಎಂದರು. ಎಲ್ಲಿಂದ ಬಂದಿರಿ ಎಂದು ಕೇಳಿದರು. ಓವರ್‌ಲ್ಯಾಂಡ್ ಪಾರ್ಕ್ ಎಂದೆ. “ಅದಕ್ಕೂ ಮೊದಲು?” ಎಂದರು. ಭಾರತ, ಕರ್ನಾಟಕ ಎಂದೆ. ತಲೆಯಾಡಿಸಿ ನನ್ನ ಬುತ್ತಿಯ ಕಡೆ ನೋಡಿದರು. ಅಲ್ಲಿದ್ದುದು ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ.

ರಸ್ತೆಯಾಚೆಯ ಹೊಲದಲ್ಲಿ ನಿಂತಿದ್ದುದೂ ಜೋಳವೇ. ಅಲ್ಲಿ ಅದಕ್ಕೆ ಮೈಲೋ ಎನ್ನುತ್ತಾರೆ. ಸೊಂಟದೆತ್ತರದ ಗಿಡ, ತುಕ್ಕಿನ ಬಣ್ಣದ ತೆನೆ; ನಮ್ಮ ಆಳೆತ್ತರದ ಬಿಳಿ ಜೋಳದ ಮುಂದೆ ಕುಳ್ಳಗೆ ಕಾಣುತ್ತದೆ, ಏಕೆಂದರೆ ಕಂಬೈನ್‌ಗೆ ಕೊಯ್ಯಲು ಅನುಕೂಲವಾಗಲೆಂದು ಗಿಡ್ಡ ಮಾಡಿದ ತಳಿ ಅದು. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕ್ಯಾನ್ಸಸ್. ಬೆಳೆದದ್ದು ದನಗಳ ಮೇವಿಗೆ, ಎಥನಾಲ್ ಕಾರ್ಖಾನೆಗೆ, ಹಡಗಿಗೆ ಹೋಗುತ್ತದೆ. ನನ್ನ ಕೈಯಲ್ಲಿರುವುದು ಇದೇ ಧಾನ್ಯ ಎಂದು ಹೇಳಿ ರೊಟ್ಟಿಯ ಅರ್ಧ ಮುರಿದು ಕೊಟ್ಟೆ. ಅವರು ಅದನ್ನು ನಿಧಾನವಾಗಿ ಅಗಿದರು. “ಐವತ್ತು ವರ್ಷದಿಂದ ಬೆಳೆಯುತ್ತಿದ್ದೇನೆ, ರುಚಿ ನೋಡಿದ್ದು ಇದೇ ಮೊದಲು” ಎಂದರು.

ಆಮೇಲೆ ಮಾತು ಹರಿಯಿತು. ಕಲ್ಲಿನ ಸ್ತಂಭ ನಿಜವಾದ ಬಿಂದುವಿನ ಮೇಲಿಲ್ಲ ಎಂಬುದು ನನಗೆ ಗೊತ್ತೇ ಎಂದು ಕೇಳಿದರು. ಗೊತ್ತಿತ್ತು. ಲೆಕ್ಕದ ಬಿಂದು ಸುಮಾರು ಅರ್ಧ ಮೈಲಿ ಆಚೆ, ಖಾಸಗಿ ಹೊಲದಲ್ಲಿದೆ. ಜನ ಬಂದು ಬೆಳೆ ತುಳಿಯುವುದು ಆಗಿನ ಮಾಲೀಕರಿಗೆ ಇಷ್ಟವಿರಲಿಲ್ಲ. ಲೆಕ್ಕವೂ ರಟ್ಟಿನದು, ಹತ್ತಿಪ್ಪತ್ತು ಮೈಲಿ ಆಚೀಚೆ ಇರಬಹುದು. 1959ರಲ್ಲಿ ಅಲಾಸ್ಕಾ, ಹವಾಯಿ ಸೇರಿದ ಮೇಲೆ ಐವತ್ತು ರಾಜ್ಯಗಳ ನಡು ದಕ್ಷಿಣ ಡಕೋಟದ ಬೆಲ್ ಫೂಷ್ ಎಂಬ ಊರಿನ ಬಳಿಗೆ ಹೋಯಿತು. ಲೆಬನಾನಿಗೆ ಉಳಿದದ್ದು ‘ಒಂದಕ್ಕೊಂದು ಹೊಂದಿಕೊಂಡ 48 ರಾಜ್ಯಗಳ ನಡು’ ಎಂಬ ಉದ್ದದ ಬಿರುದು. ಅದಕ್ಕಿಂತ ಗಟ್ಟಿಯಾದ ನಡು ಇದ್ದದ್ದು ಇಲ್ಲಿಂದ ನಲವತ್ತು ಮೈಲಿ ದಕ್ಷಿಣಕ್ಕೆ, ಆಸ್ಬೋರ್ನ್ ಕೌಂಟಿಯ ಮೀಡ್ಸ್ ರ‍್ಯಾಂಚ್‌ನಲ್ಲಿ. 1891ರಲ್ಲಿ ಹುಲ್ಲುಗಾವಲಿನಲ್ಲಿ ನೆಟ್ಟ ಒಂದು ಗುರುತು ಅದು. 1901ರಿಂದ ಅಮೆರಿಕದ, ಆಮೇಲೆ ಕೆನಡಾ ಮತ್ತು ಮೆಕ್ಸಿಕೋದ ಭೂಮಾಪನಕ್ಕೂ ಆ ಬಿಂದುವೇ ಮೂಲ. ಉಪಗ್ರಹಗಳು ಬಂದು ಭೂಮಿಯ ಗರ್ಭದಿಂದಲೇ ಅಳೆಯುವ ವಿಧಾನ ಜಾರಿಯಾಗುವವರೆಗೆ, ಆ ಮೂರು ದೇಶಗಳ ಯಾವ ಗಡಿಯನ್ನು ಅಳೆದರೂ ಲೆಕ್ಕ ಕೊನೆಗೆ ಆ ಹುಲ್ಲುಗಾವಲಿಗೆ ಬಂದು ನಿಲ್ಲುತ್ತಿತ್ತು. 1804ರಲ್ಲಿ, ಭಾರತವನ್ನು ತ್ರಿಕೋನಗಳಿಂದ ಅಳೆಯಲು ಹೊರಟ ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್‌ನ ತಂಡ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದಂತೆ ಅಲ್ಲಿಯೂ ಸರಪಳಿ, ದೂರದರ್ಶಕ ಹೊತ್ತು ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ನಡೆದವರ ಶ್ರಮವಿದೆ. ಅಲ್ಲಿಗೆ ಹೋಗುವವರು ಬಹಳ ಕಡಿಮೆ.

ನಡು ಎಂಬುದು ಕೆಲವೊಮ್ಮೆ ಕೇಡನ್ನೂ ತರುತ್ತದೆ. ಇಂಟರ್‌ನೆಟ್ ವಿಳಾಸಗಳು ಭೂಮಿಯ ಮೇಲೆ ಎಲ್ಲಿವೆ ಎಂದು ಹೇಳುವ ಸಂಸ್ಥೆಯೊಂದು, ‘ಅಮೆರಿಕದಲ್ಲಿದೆ, ಎಲ್ಲೆಂದು ತಿಳಿಯದು’ ಎಂಬ ವಿಳಾಸಗಳನ್ನೆಲ್ಲ ದೇಶದ ನಡುವಿನಲ್ಲಿ ಇಡಲು ನಿರ್ಧರಿಸಿತು. ಲೆಬನಾನಿನ ಅಂಕಿಗಳು ಉದ್ದವಾದವೆಂದು 38 ಮತ್ತು 97 ಎಂದು ದುಂಡಾಗಿಸಿತು. ಆ ದುಂಡು ಅಂಕಿ ಬಿದ್ದದ್ದು ಕ್ಯಾನ್ಸಸ್‌ನ ದಕ್ಷಿಣಕ್ಕಿರುವ ಒಂದು ತೋಟದ ಮನೆಯ ಅಂಗಳದಲ್ಲಿ. ಕೋಟಿಗಟ್ಟಲೆ ವಿಳಾಸಗಳು ಆ ಅಂಗಳಕ್ಕೆ ಅಂಟಿಕೊಂಡವು. ಹಣ ಕಳೆದುಕೊಂಡವರು, ಕಾಣೆಯಾದವರನ್ನು ಹುಡುಕುವವರು, ಪೊಲೀಸರು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯ ಬಾಗಿಲು ತಟ್ಟಿದರು. 2016ರಲ್ಲಿ ಪತ್ರಿಕೆಗಳಲ್ಲಿ ಬಂದ ಮೇಲೆ ಆ ಬಿಂದುವನ್ನು ಒಂದು ಕೆರೆಯ ನಡುವಿಗೆ ಸರಿಸಿದರು. ನಕ್ಷೆಯ ಮೇಲೆ ಇಲ್ಲಿ ಯಾರೂ ಇರುವುದಿಲ್ಲ ಎಂದು ಭಾವಿಸುವವರಿಗೆ ಅಲ್ಲಿ ಯಾರೋ ಇದ್ದಾರೆ ಎಂದು ತಿಳಿಯಲು ಅಷ್ಟು ವರ್ಷ ಬೇಕಾಯಿತು.

ಇನ್ನೊಂದು ನಡುವೂ ಇದೆ. ಅದು ನೆಲದ್ದಲ್ಲ, ಜನರದ್ದು. ದೇಶದ ನಕ್ಷೆಯನ್ನು ತೂಕವಿಲ್ಲದ ಹಲಗೆ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ ಒಂದೇ ತೂಕ; ಅವರವರ ಮನೆಯ ಜಾಗದಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದರೆ ಹಲಗೆ ಯಾವ ಬಿಂದುವಿನಲ್ಲಿ ಸಮ ನಿಲ್ಲುತ್ತದೆ? ಪ್ರತಿ ಜನಗಣತಿಯ ನಂತರ ಈ ಲೆಕ್ಕ ಹಾಕುತ್ತಾರೆ. 1790ರಲ್ಲಿ ಅದು ಅಟ್ಲಾಂಟಿಕ್ ತೀರದ ಮೇರಿಲ್ಯಾಂಡ್‌ನಲ್ಲಿತ್ತು. ಹತ್ತು ಹತ್ತು ವರ್ಷಕ್ಕೆ ಪಶ್ಚಿಮಕ್ಕೆ ನಡೆಯುತ್ತ, 1980ರಲ್ಲಿ ಮಿಸಿಸಿಪಿ ನದಿಯನ್ನು ದಾಟಿತು. ಆಮೇಲೆ ಮಿಸೌರಿ ರಾಜ್ಯದ ಸಣ್ಣ ಊರುಗಳ ಪಕ್ಕದಲ್ಲಿಯೇ ಹೆಜ್ಜೆಯಿಡುತ್ತಿದೆ: 1990ರಲ್ಲಿ ಸ್ಟೀಲ್‌ವಿಲ್, 2000ದಲ್ಲಿ ಎಡ್ಗರ್ ಸ್ಪ್ರಿಂಗ್ಸ್, 2010ರಲ್ಲಿ ಪ್ಲೇಟೊ, 2020ರಲ್ಲಿ ಹಾರ್ಟ್‌ವಿಲ್. ಹಾರ್ಟ್‌ವಿಲ್ ಕೂಡ ಆರುನೂರು ಜನ ಮುಟ್ಟದ ಊರು. ನೆಲದ ನಡು ಮತ್ತು ಜನರ ನಡುವಿನ ನಡುವೆ ಸುಮಾರು 600 ಕಿಲೋಮೀಟರ್ ಅಂತರ. 2020ರ ನಮೂನೆಯನ್ನು ನಾನೂ ತುಂಬಿದ್ದೆ. ಆ ಬಿಂದುವನ್ನು ಕೂದಲೆಳೆಗಿಂತ ಕಡಿಮೆ ದೂರವಾದರೂ ನಮ್ಮ ಮನೆಯ ನಾಲ್ವರು ನಮ್ಮ ಕಡೆಗೆ ಎಳೆದಿದ್ದೇವೆ, ಲೆಬನಾನಿನ 178 ಜನ ಅವರ ಕಡೆಗೆ ಎಳೆದಿದ್ದಾರೆ. ಆ ಹಲಗೆಯ ಮೇಲೆ ಅವರ ಒಬ್ಬೊಬ್ಬರ ತೂಕ ನ್ಯೂಯಾರ್ಕಿನ ಒಬ್ಬೊಬ್ಬರಷ್ಟೇ.

178 ಎಂಬ ಅಂಕಿಯ ಬಗ್ಗೆಯೂ ಹಿರಿಯರನ್ನು ಕೇಳಿದೆ. 2000ದಲ್ಲಿ 303, 2010ರಲ್ಲಿ 218, ಈಗ 178. ಅವರು ಸ್ವಲ್ಪ ಹೊತ್ತು ಬೀದಿಬೀದಿಯಾಗಿ ಮನಸ್ಸಿನಲ್ಲಿಯೇ ಎಣಿಸಿದರು. ಅಷ್ಟೇ ಇರಬಹುದು, ಒಂದಿಬ್ಬರು ಹೆಚ್ಚು ಕಡಿಮೆ, ಎಂದರು. ಅದು ನಿಜವೂ ಹೌದು. 2020ರ ಗಣತಿಯಲ್ಲಿ ಯಾರ ಗುಟ್ಟೂ ಬಯಲಾಗಬಾರದೆಂದು ಸಣ್ಣ ಊರುಗಳ ಅಂಕಿಯನ್ನು ಬೇಕೆಂದೇ ತುಸು ಅಲುಗಾಡಿಸಿ ಪ್ರಕಟಿಸಿದರು. ನೆಬ್ರಾಸ್ಕಾದ ಮೊನೊವೈ ಎಂಬ ಊರಿನಲ್ಲಿ ಇದ್ದದ್ದು ಒಬ್ಬರೇ ವೃದ್ಧೆ; ಊರಿನ ಮೇಯರ್ ಅವರೇ, ಗ್ರಂಥಾಲಯ ನೋಡಿಕೊಳ್ಳುವವರೂ ಅವರೇ. ಗಣತಿ ಅಲ್ಲಿ ಇಬ್ಬರೆಂದಿತು. ದೊಡ್ಡ ಊರಿಗೆ ಈ ಒಂದೆರಡರ ಅಲುಗಾಟ ಲೆಕ್ಕಕ್ಕಿಲ್ಲ. ಸಣ್ಣ ಊರಿನಲ್ಲಿ ಒಬ್ಬರು ಎಂದರೆ ಚರ್ಚಿನ ಪಿಯಾನೋ ನುಡಿಸುವವರು, ಅಗ್ನಿಶಾಮಕ ವಾಹನ ಓಡಿಸಲು ಬಲ್ಲವರು, ಊರಸಭೆಯಲ್ಲಿ ಐದನೆಯ ಕುರ್ಚಿಯಲ್ಲಿ ಕೂರುವವರು. ಕ್ಯಾನ್ಸಸ್ ಕಾನೂನಿನಲ್ಲಿ ಲೆಬನಾನ್ ಇಂದಿಗೂ ಒಂದು ನಗರ, ಮೂರನೆಯ ದರ್ಜೆಯದು. ನಗರಕ್ಕೆ ನೀರು ಬಿಡಬೇಕು, ಹಿಮ ತೆಗೆಯಬೇಕು, ಚುನಾವಣೆ ನಡೆಸಬೇಕು. ನೂರ ಎಪ್ಪತ್ತೆಂಟು ಜನ ಅದನ್ನು ಮಾಡುತ್ತಿದ್ದಾರೆ, ಮತ್ತು ಬಿಡುವಿನಲ್ಲಿ ನನ್ನಂಥ ಅಪರಿಚಿತರಿಗಾಗಿ ಮಂದಿರವನ್ನೂ ಗುಡಿಸುತ್ತಿದ್ದಾರೆ.

ಹೊರಡುವ ಮೊದಲು ಊರೊಳಗೆ ಒಂದು ಸುತ್ತು ಹೋಗಿ ಬಂದೆ. ಅಗಲವಾದ ಬೀದಿ, ಮುಚ್ಚಿದ ಅಂಗಡಿಗಳ ಇಟ್ಟಿಗೆಯ ಗೋಡೆ, ಅಂಚೆ ಕಚೇರಿ, ಹಳಿಯ ಪಕ್ಕದಲ್ಲಿ ಆಕಾಶಕ್ಕೆ ನಿಂತ, ಧಾನ್ಯ ತುಂಬಿಡುವ ಗೋಪುರ; ಇಲ್ಲಿ ಅದಕ್ಕೆ ಎಲಿವೇಟರ್ ಎನ್ನುತ್ತಾರೆ. ರಾಕ್ ಐಲ್ಯಾಂಡ್ ಕಂಪನಿ 1980ರಲ್ಲಿ ಮುಳುಗಿತು. ಹಳಿ ಉಳಿಯಿತು, ಕೈಲ್ ಎಂಬ ಸಣ್ಣ ರೈಲು ಕಂಪನಿ ಅದರ ಮೇಲೆ ಇಂದಿಗೂ ಧಾನ್ಯ ಸಾಗಿಸುತ್ತದೆ. ಎಲಿವೇಟರ್ ಬಳಿ ಲಾರಿಗಳು ಸಾಲುಗಟ್ಟಿದ್ದವು. ಗಾಳಿಯಲ್ಲಿ ಜೋಳದ ಹೊಟ್ಟಿನ ವಾಸನೆ ಇತ್ತು. ನನ್ನ ಅಪ್ಪನ ಕಣದ ವಾಸನೆ ಅದು, ಕಣ್ಣು ಒದ್ದೆಯಾಯಿತು.

ಹಿರಿಯರು ಬೀಳ್ಕೊಡುವಾಗ, ಹೆದ್ದಾರಿಯಲ್ಲಿ ಹೋಗದೆ ಮಣ್ಣಿನ ರಸ್ತೆಯಲ್ಲಿ ಹೋದರೆ ಸೂರ್ಯ ಮುಳುಗುವುದನ್ನು ನೋಡಬಹುದು ಎಂದು ದಾರಿ ಹೇಳಿದ್ದರು. ಅವರು ಈಗ ಉಳುವ ನೆಲದಲ್ಲಿ ಅವರ ಬಾಲ್ಯದಲ್ಲಿ ಹನ್ನೊಂದು ಮನೆಗಳಿದ್ದವಂತೆ. ಇಂದಿಗೂ ಒಂದೊಂದು ಹೊಲವನ್ನು ಆ ಮನೆಯವರ ಹೆಸರಿನಿಂದಲೇ ಕರೆಯುತ್ತಾರೆ. ಯಾವ ಹೊಲದಲ್ಲಿ ಇಂದು ಬಿತ್ತನೆ ಎಂದು ಮಗನಿಗೆ ಫೋನಿನಲ್ಲಿ ಹೇಳುವಾಗಲೂ ಅದೇ ಹೆಸರು. ಆ ಹೆಸರಿನ ಒಬ್ಬರೂ ಕೌಂಟಿಯಲ್ಲಿ ಉಳಿದಿಲ್ಲ. ನನಗೆ ದಾರಿ ಹೇಳಿದ್ದೂ ಹಾಗೆಯೇ: ಎರಡು ಮೈಲಿ ನೇರ ಹೋಗಿ, ಇಂಥವರ ಮನೆ ಬಂದಾಗ ಬಲಕ್ಕೆ ತಿರುಗಿ.

ಎರಡು ಮೈಲಿ ಹೋದೆ. ಮನೆಯಿರಲಿಲ್ಲ. ಗಾಳಿ ತಡೆಯಲೆಂದು ಯಾರೋ ನೆಟ್ಟ ದೇವದಾರುಗಳ ಸಾಲೊಂದು ಚೌಕದ ಎರಡು ಬದಿಯಂತೆ ನಿಂತಿತ್ತು. ಅದರ ಒಳಗೆ ಗಾಳಿಯಂತ್ರದ ಚೌಕಟ್ಟು, ಒಂದು ಕಲ್ಲಿನ ಮೆಟ್ಟಿಲು, ಮೆಟ್ಟಿಲಿನ ಸುತ್ತ ಉಳದೆ ಬಿಟ್ಟ ಹುಲ್ಲು. ಕಾರು ನಿಧಾನ ಮಾಡಿ, ಬಲಕ್ಕೆ ತಿರುಗಿದೆ. ದಾರಿ ಸರಿಯಾಗಿತ್ತು.